ಕ್ಯಾಶ್ ಕೊಟ್ಟರೆ ಕಡಿಮೆ ಮಾಡ್ತೀವಿ ಅಂದರೆ ಮೊದಲು ಬಿಲ್ ಕೇಳಿ

ತಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಶುರುವಾದರೆ ರಾತ್ರಿಯಿಡೀ ಒದ್ದಾಡುತ್ತಿದ್ದ. ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಪಿತ್ತಕೋಶವನ್ನೇ ತೆಗೆಯಬೇಕು ಅಂದರು ಡಾಕ್ಟರ್.

ಇನ್ಶೂರೆನ್ಸ್ ಇತ್ತು. ಆದರೆ ಕೌಂಟರಿನಲ್ಲಿದ್ದವರು ಮೆಲ್ಲಗೆ ಹೇಳಿದರು: "ಅಪ್ರೂವಲ್ ಅಂದ್ರೆ ಸುಮ್ನೆ ಕಾಯಬೇಕು. ಡಾಕ್ಟರಿಗೇ ಕ್ಯಾಶ್ ಕೊಟ್ಬಿಡಿ, 20% ಕಡಿಮೆ ಆಗುತ್ತೆ. ಬೇಕಾದ್ರೆ ಆಮೇಲೆ ಕ್ಲೇಮ್ ಮಾಡ್ಕೊಳ್ಳಿ." ಅವನ ನೋವು ನೋಡಲಾಗದೆ ಹೂಂ ಅಂದುಬಿಟ್ಟೆ. ನೋಟು ಎಣಿಸಿಕೊಂಡು ಅಂಗೈಯಗಲದ ಒಂದು ಚೀಟಿ ಕೊಟ್ಟರು. ಅದರಲ್ಲಿ ಒಟ್ಟು ಮೊತ್ತ, ಕೆಳಗೊಂದು ಸಹಿ. ರೋಗಿಯ ಪೂರ್ತಿ ಹೆಸರಿಲ್ಲ, ಬಿಲ್ ನಂಬರ್ ಇಲ್ಲ, ಯಾವುದಕ್ಕೆ ಎಷ್ಟು ಅಂತಲೂ ಇಲ್ಲ. ಮಡಚಿ ಪರ್ಸಿಗೆ ಹಾಕಿಕೊಂಡೆ.

ಡಿಸ್ಚಾರ್ಜ್ ದಿನ ಗೊತ್ತಾಯಿತು, ನಾವು ಕೊಟ್ಟಿದ್ದು ಸರ್ಜನ್ ಫೀಸಿಗೆ ಮತ್ತು ಥಿಯೇಟರಿಗೆ ಮಾತ್ರವಂತೆ. ಅರಿವಳಿಕೆ ಕೊಟ್ಟ ಡಾಕ್ಟರದು ಬೇರೆ. ತೆಗೆದ ಪಿತ್ತಕೋಶವನ್ನು ಲ್ಯಾಬಿಗೆ ಕಳಿಸಿದ್ದು ಬೇರೆ. ಉಳಿಯಿತು ಅಂದುಕೊಂಡ ಹಣ ಅಲ್ಲೇ ಕರಗಿತು.

ನಾಲ್ಕನೇ ದಿನ ಜ್ವರ, ತಡೆಯಲಾಗದ ಹೊಟ್ಟೆನೋವು. ಪಿತ್ತರಸ ಒಳಗೇ ಸೋರುತ್ತಿತ್ತು. ಈ ಆಪರೇಷನ್ ಆದವರಲ್ಲಿ ಅಪರೂಪಕ್ಕೆ ಹೀಗಾಗುವುದುಂಟು, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ಫೋನ್ ಮಾಡಿದಾಗ "ನೀವು ಕೊಟ್ಟಿದ್ದು ಆಪರೇಷನ್‌ಗೆ, ಇದು ಹೊಸ ಕೇಸ್, ಮೊದಲು ಅಡ್ವಾನ್ಸ್ ಕಟ್ಟಿ" ಅಂದರಲ್ಲ, ಅದು ಇನ್ನೂ ಕಿವಿಯಲ್ಲಿದೆ. ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿ ಬಾಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿದರು. ಜೀವ ಉಳಿಯಿತು.

ಈ ಸಲ ಇನ್ಶೂರೆನ್ಸಿಗೆ ಹಾಕಿದೆವು. ಅವರು ಮೊದಲಿನ ಆಪರೇಷನ್ನಿನ ಕಾಗದಗಳನ್ನೂ ಕೇಳಿದರು. ವಿವರವಾದ ಬಿಲ್, ನಂಬರಿರುವ ರಸೀದಿ, ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಸ್ಕ್ಯಾನ್ ರಿಪೋರ್ಟ್. ನನ್ನ ಹತ್ತಿರ ಇದ್ದದ್ದು ಆ ಚೀಟಿ. ಮೊದಲಿನ ಜಾಗಕ್ಕೆ ಮೂರು ಸಲ ಅಲೆದೆ. ಎರಡು ಸಲ ನಾಳೆ ಬನ್ನಿ. ಮೂರನೇ ಸಲ, "ಬಿಲ್ ಬೇಕಂದ್ರೆ ಬಿಟ್ಟಿರೋ 20% ಕಟ್ಟಿ ಮೇಡಂ." ರಿಯಾಯಿತಿ ಅಂತ ತಿಳಿದಿದ್ದೆ. ಬಿಲ್ಲನ್ನೇ ಅಷ್ಟಕ್ಕೆ ಮಾರಿಕೊಂಡಿದ್ದೆ ಅಂತ ಆಗ ಅರ್ಥವಾಯಿತು. ಅಷ್ಟರಲ್ಲಿ ಆ ಆಪರೇಷನ್ನಿಗೆ ಕ್ಲೇಮ್ ಹಾಕಲು ಪಾಲಿಸಿಯಲ್ಲಿದ್ದ ಗಡುವೂ ಮುಗಿದಿತ್ತು. ಎರಡನೆಯ ಚಿಕಿತ್ಸೆಯ ಹಣ ತಡವಾಗಿ ಬಂತು. ಮೊದಲನೆಯದರ ಹಣ ಬರಲೇ ಇಲ್ಲ.

ಜ್ವರಕ್ಕೋ ಕೆಮ್ಮಿಗೋ ಡಾಕ್ಟರಿಗೆ ಕ್ಯಾಶ್ ಕೊಡುವುದರಲ್ಲಿ ತಪ್ಪೇನಿಲ್ಲ, ಎಷ್ಟೋ ಸಲ ಅದೇ ಸಲೀಸು. ಆದರೆ ಅರಿವಳಿಕೆ ಕೊಡುವಂಥ ಯಾವುದೇ ಕೆಲಸಕ್ಕೆ, ಹಣ ಕೈಬಿಡುವ ಮುಂಚೆ ಬರೆಸಿಕೊಳ್ಳಿ: ಇದರಲ್ಲಿ ಯಾರ ಯಾರ ಫೀಸು ಸೇರಿದೆ, ಆಮೇಲೆ ತೊಂದರೆಯಾದರೆ ಖರ್ಚು ಯಾರದು, ಪೂರ್ತಿ ಬಿಲ್ ಕೊಡುತ್ತೀರಾ. ಇನ್ಶೂರೆನ್ಸಿನವರಿಗೂ ಅಡ್ಮಿಟ್ ಆಗುವ ಮೊದಲೇ ಫೋನ್ ಮಾಡಿ. ಇನ್ನೊಂದು ವಿಷಯ, ಮೊದಲಿಷ್ಟು ಖರ್ಚು ನೀವೇ ಭರಿಸಬೇಕು ಅನ್ನುವ ಪಾಲಿಸಿಗಳಿರುತ್ತವೆ ಅಲ್ವಾ, ಹೀಗೆ ಇನ್ಶೂರೆನ್ಸಿನ ಹೊರಗೆ ಕೊಟ್ಟ ಹಣವನ್ನು ಎಷ್ಟೋ ಸಲ ಆ ಲೆಕ್ಕಕ್ಕೂ ಹಿಡಿಯುವುದಿಲ್ಲ.

6 ವಾರ ಬಿಟ್ಟು ಸ್ಟೆಂಟ್ ತೆಗೆಸಲು ಹೋದೆವು. "ಕ್ಯಾಶಾ, ಇನ್ಶೂರೆನ್ಸಾ?" ಅಂತ ಕೌಂಟರಿನ ಹುಡುಗಿ ಕೇಳಿದಳು. "ಮೊದಲು ಎಸ್ಟಿಮೇಟ್ ಬರೆದು ಕೊಡಮ್ಮ" ಅಂದೆ. ಐದು ನಿಮಿಷದಲ್ಲಿ ಪ್ರಿಂಟ್ ತೆಗೆದು, ಸೀಲ್ ಹಾಕಿ ಕೊಟ್ಟಳು.