ಆನ್ಸಿಬಲ್ ಜೊತೆ ನಾಲ್ಕು ವರ್ಷ: 31 ಶಾಖೆ, ಒಂದು ತಪ್ಪು ಅಂಕಿ, ಒಂದು ಬ್ಯಾಡಗಿ ಪ್ರಯಾಣ

ಬೆಳಗ್ಗೆ ಒಂಬತ್ತೂವರೆಗೆ ಆಫೀಸಿಗೆ ಬಂದು ಕೂತ ಕೂಡಲೇ ಕೆಳಗಿನ ಅಂಗಡಿಗೆ ಒಂದು ಚಹಾ ಹೇಳುತ್ತೇನೆ. ಅದು ಮೇಲೆ ಬರೋದರೊಳಗೆ ಆನ್ಸಿಬಲ್‌ನಲ್ಲಿ ತಪಾಸಣೆಯ ಪ್ಲೇಬುಕ್ ಓಡಿಸಿರುತ್ತೇನೆ. ಆನ್ಸಿಬಲ್ ಅಂದರೆ ಒಂದೇ ಕಡೆ ಕೂತು ಹತ್ತಾರು ಸಾಧನಗಳ ಸೆಟ್ಟಿಂಗ್ ನೋಡೋ, ಬದಲಿಸೋ ತಂತ್ರಾಂಶ, ಪ್ಲೇಬುಕ್ ಅಂದರೆ ಏನು ಮಾಡಬೇಕು ಅಂತ ಅದಕ್ಕೆ ಬರೆದುಕೊಟ್ಟ ಫೈಲು. ಚೆಕ್ ಮೋಡ್‌ನಲ್ಲಿ ಮಾತ್ರ, ಅಂದರೆ ಅದು ಏನನ್ನೂ ಬದಲಿಸೋದಿಲ್ಲ, ಇರಬೇಕಾದ ಸೆಟ್ಟಿಂಗ್ ರೌಟರ್‌ನಲ್ಲಿ ಇದೆಯೋ ಇಲ್ಲವೋ ನೋಡಿ ಹೇಳುತ್ತದೆ. ಪರದೆ ಮೇಲೆ ಒಂದೊಂದೇ ಊರು ಬರುತ್ತದೆ: ನವಲಗುಂದ, ಕುಂದಗೋಳ, ರೋಣ, ನರಗುಂದ, ಸವಣೂರು. ಹಸಿರು ಬಂದರೆ ಸರಿ ಇದೆ. ಹಳದಿ ಬಂದರೆ ಯಾರೋ ಏನೋ ಮುಟ್ಟಿದ್ದಾರೆ. ಕೆಂಪು ಬಂದರೆ ಆ ಊರಿಗೆ ಫೋನ್ ಮಾಡಬೇಕು. ಮಳೆಗಾಲದಲ್ಲಿ ಒಮ್ಮೆ ರೋಣಕ್ಕೆ ಹಾಗೆ ಫೋನ್ ಮಾಡಿದಾಗ ಅಲ್ಲಿನ ಸಿಪಾಯಿ "ರಾತ್ರಿಯಿಂದ ಕರೆಂಟ್ ಇಲ್ರೀ ಸರ್, ನಿಮಗ ಹೆಂಗ ಗೊತ್ತಾತು?" ಅಂತ ಕೇಳಿದ್ದರು. ಬೆಳಗಿನ ಆ ಐದು ನಿಮಿಷ ನನಗೆ ದಿನದಲ್ಲೇ ಇಷ್ಟವಾದ ಹೊತ್ತು.

ನಾನು ನೋಡಿಕೊಳ್ಳೋದು ಒಂದು ಪತ್ತಿನ ಸಹಕಾರಿ ಸಂಘದ ನೆಟ್‌ವರ್ಕ್. ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ 31 ಶಾಖೆ. ಒಂದೊಂದು ಶಾಖೆಯಲ್ಲೂ ಒಂದು ಸಿಸ್ಕೊ ರೌಟರ್, ಒಂದು ಸ್ವಿಚ್, ನಾಲ್ಕೈದು ಕಂಪ್ಯೂಟರ್, ಒಂದು ಪಾಸ್‌ಬುಕ್ ಪ್ರಿಂಟರ್. ಮೊದಲು ಒಂದು ಪಾಸ್‌ವರ್ಡ್ ಬದಲಿಸಬೇಕಾದರೂ 31 ಸಲ ಲಾಗಿನ್ ಆಗಿ, ಮುಗಿದ ಊರಿಗೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ. ಎರಡು ದಿನ ಹೋಗುತ್ತಿತ್ತು. ಆಮೇಲೆ ರೌಟರ್‌ಗೆ ಲಾಗಿನ್ ಆಗಿ ಕಮಾಂಡ್ ಕೊಡೋ ನೆಟ್‌ಮಿಕೊ ಅನ್ನೋ ಲೈಬ್ರರಿ ಇಟ್ಟುಕೊಂಡು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಕೆಲಸವೇನೋ ಮಾಡಿತು, ಆದರೆ ನಡುವೆ ಲೈನ್ ಹೋಗಿ ಸ್ಕ್ರಿಪ್ಟ್ ನಿಂತರೆ ಯಾವ ಊರು ಆಯಿತು, ಯಾವುದು ಬಾಕಿ ಅನ್ನೋದನ್ನೆಲ್ಲ ನಾನೇ ಕೋಡ್‌ನಲ್ಲಿ ಬರೆಯಬೇಕಿತ್ತು. ಆನ್ಸಿಬಲ್‌ಗೆ ಬಂದಿದ್ದು ಆ ಕಾರಣಕ್ಕೇ. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ಹಾಕುತ್ತದೆ, ಎಷ್ಟು ಸಲ ಓಡಿಸಿದರೂ ತೊಂದರೆ ಇಲ್ಲ. ರೌಟರ್ ಒಳಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗೋ ಎಸ್‌ಎಸ್‌ಎಚ್ ಇದ್ದರೆ ಸಾಕು. ದುಡ್ಡೂ ಇಲ್ಲ. ಲಿನಕ್ಸ್ ಹಾಕಿದ ಒಂದು ಹಳೇ ಲ್ಯಾಪ್‌ಟಾಪ್ ಮೇಲೇ ಇವತ್ತಿಗೂ ನಡೀತಿದೆ.

ಶುರುವಿನ ಎರಡು ತಿಂಗಳು ಒಂದು ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೆ. ದಿನಾ ಬೆಳಗ್ಗೆ 31 ಊರೂ ಹಳದಿ. ಕಾರಣ ನೋಡಿದರೆ, ಕೈಯಲ್ಲಿ ಟೈಪ್ ಮಾಡೋ ರೂಢಿಯಲ್ಲಿ ಶಟ್‌ಡೌನ್ ಅನ್ನೋ ಕಡೆ ಶಟ್ ಅಂತ ಬರೆದಿದ್ದೆ. ರೌಟರ್ ಅದನ್ನು ಒಪ್ಪಿಕೊಂಡು ಪೂರ್ತಿ ಪದವಾಗಿ ಬರೆದಿಟ್ಟುಕೊಳ್ಳುತ್ತದೆ, ಆನ್ಸಿಬಲ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಹಾಗಾಗಿ ಅದರ ಲೆಕ್ಕದಲ್ಲಿ ಯಾವತ್ತೂ ಸರಿಯಿಲ್ಲ. ಎಲ್ಲ ಕಮಾಂಡನ್ನೂ ಉದ್ದಕ್ಕೆ ಬರೆದ ಮೇಲೆ ಹಸಿರಾಯಿತು. ಪ್ಲೇಬುಕ್ ಬರೆಯೋ ಯಾಮಲ್ ಫೈಲಿನಲ್ಲಿ ಟ್ಯಾಬ್ ಒತ್ತಬಾರದು, ಸ್ಪೇಸ್ ಮಾತ್ರ, ಅದನ್ನೂ ಹೇಳಿಬಿಡುತ್ತೇನೆ.

ಈಗ ಈ ವಿಮರ್ಶೆ ಬರೆಯಲಿಕ್ಕೆ ನಿಜವಾದ ಕಾರಣ. ಮುಖ್ಯ ಕಚೇರಿಗೆ ಹೊಸ ಇಂಟರ್ನೆಟ್ ಲೈನ್ ಬಂತು, ಎಲ್ಲ ಶಾಖೆಗಳ ಟನಲ್, ಅಂದರೆ ಇಂಟರ್ನೆಟ್ ಮೇಲೇ ಶಾಖೆಯನ್ನು ಮುಖ್ಯ ಕಚೇರಿಗೆ ಜೋಡಿಸೋ ಖಾಸಗಿ ದಾರಿ, ಅದನ್ನು ಹೊಸ ಲೈನಿನ ಐಪಿ ವಿಳಾಸಕ್ಕೆ ತಿರುಗಿಸಬೇಕಿತ್ತು. ಶನಿವಾರ ಸಂಜೆ, ಕೌಂಟರ್ ಮುಚ್ಚಿದ ಮೇಲೆ ಓಡಿಸಿದೆ. ಐಪಿಯಲ್ಲಿ ಒಂದು ಅಂಕಿ ತಪ್ಪಿತ್ತು. ಚೆಕ್ ಮೋಡ್ ಇದನ್ನು ಹಿಡಿಯೋದಿಲ್ಲ, ಅದಕ್ಕೆ ಗೊತ್ತಿರೋದು ಸಾಲು ಬೇರೆ ಇದೆ ಅನ್ನೋದಷ್ಟೇ, ಆ ಸಾಲು ಹಾಕಿದರೆ ಲೈನ್ ಕಡಿದು ಹೋಗುತ್ತೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಆನ್ಸಿಬಲ್ ಸುಮ್ನೆ ಬಿಟ್ಟರೆ ಒಂದೇ ಸಲ ಐದು ಸಾಧನಗಳ ಮೇಲೆ ಕೆಲಸ ಶುರು ಮಾಡುತ್ತದೆ. ನನ್ನ ಪಟ್ಟಿಯಲ್ಲಿ ಮೊದಲ ಐದು ಹಾವೇರಿ, ಬ್ಯಾಡಗಿ, ಹಾನಗಲ್, ಸವಣೂರು, ಶಿಗ್ಗಾವಿ. ಪರದೆ ಅಲ್ಲೇ ನಿಂತಿತು. ಕೆಂಪು ಸಾಲು ಬಂದ ಕೂಡಲೇ ನಿಲ್ಲಿಸಿದೆ, ಅಷ್ಟರಲ್ಲಿ ಐದೂ ಹೋಗಿದ್ದವು.

ಒಂದು ಪುಣ್ಯ ಇತ್ತು. ಸೇವ್ ಆಗೋ ಮೊದಲೇ ಟನಲ್ ಬಿದ್ದಿದ್ದರಿಂದ ರೌಟರ್‌ನಲ್ಲಿ ಉಳಿದದ್ದು ಹಳೇ ಸೆಟ್ಟಿಂಗೇ, ಆಫ್ ಮಾಡಿ ಆನ್ ಮಾಡಿದರೆ ಅದೇ ವಾಪಸ್ ಬರುತ್ತದೆ. ನಾಲ್ಕು ಊರಿನ ಸಿಪಾಯಿಗಳಿಗೆ ಫೋನ್ ಮಾಡಿ ರೌಟರ್ ಆಫ್ ಮಾಡಿ ಆನ್ ಮಾಡಿಸಿದೆ. ಬ್ಯಾಡಗಿಯವರು ಮಾತ್ರ "ರೌಟರ್ ಪೆಟ್ಟಿಗಿ ಕೀಲಿ ಮ್ಯಾನೇಜರ್ ಸಾಹೇಬ್ರ ಹಂತೇಕ ಐತ್ರೀ, ಅವರು ಊರಾಗಿಲ್ಲ" ಅಂದರು. ಭಾನುವಾರ ಬೈಕ್ ತೆಗೆದುಕೊಂಡು ಹಾವೇರಿ ದಾಟಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಹೋದೆ. ಮ್ಯಾನೇಜರ್ ಮಧ್ಯಾಹ್ನ ವಾಪಸ್ ಬಂದು ಕೀಲಿ ಕೊಟ್ಟರು. ಒಂದು ರೌಟರ್ ಆಫ್ ಮಾಡಿ ಆನ್ ಮಾಡೋದು, ಅದಕ್ಕೆ ಇಡೀ ದಿನ.

ಒಂದು ವಾರ ಆನ್ಸಿಬಲ್ ಮುಟ್ಟೋದಕ್ಕೇ ಮನಸ್ಸಾಗಲಿಲ್ಲ. ಆಮೇಲೆ ಹೊಳೆಯಿತು, ಆ ಸಿಪಾಯಿಗಳು ಮಾಡಿದ ಕೆಲಸವನ್ನು ರೌಟರ್ ತಾನೇ ಮಾಡಿಕೊಳ್ಳಬಹುದಲ್ವಾ? ಸಿಸ್ಕೊದಲ್ಲಿ 'ರಿಲೋಡ್ ಇನ್ 10' ಅಂತ ಕೊಟ್ಟರೆ ಹತ್ತು ನಿಮಿಷಕ್ಕೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಪ್ಲೇಬುಕ್‌ನಲ್ಲಿ ಈಗ ಮೊದಲ ಸಾಲೇ ಅದು. ಆಮೇಲೆ ಬದಲಾವಣೆ, ಆಮೇಲೆ ಹೊಸದಾಗಿ ಲಾಗಿನ್ ಆಗಿ ನೋಡೋದು, ಸಿಕ್ಕರೆ 'ರಿಲೋಡ್ ಕ್ಯಾನ್ಸಲ್', ಕೊನೆಗೆ ಸೇವ್. ಈ ಕ್ರಮ ತಪ್ಪಿಸಬೇಡಿ. ಬದಲಾವಣೆ ಮಾಡಿದ ಮೇಲೆ ರಿಲೋಡ್ ಕೊಟ್ಟರೆ ರೌಟರ್ ಮೊದಲು ಸೇವ್ ಮಾಡಲೇ ಅಂತ ಕೇಳುತ್ತದೆ, ಅದಕ್ಕೆ ಹೌದು ಅಂದುಬಿಟ್ಟರೆ ತಪ್ಪೇ ಗಟ್ಟಿಯಾಗಿ ಕೂರುತ್ತದೆ. ಜೊತೆಗೆ 'ಸೀರಿಯಲ್: 1' ಹಾಕಿದ್ದೇನೆ. ಒಂದು ಊರು ಮುಗಿದ ಮೇಲೇ ಇನ್ನೊಂದು, ಒಂದು ಕೆಟ್ಟರೆ ಅಲ್ಲಿಗೇ ನಿಲ್ಲುತ್ತದೆ. ನಿಧಾನ ಜಾಸ್ತಿ, ಆದರೂ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಹೋದ ತಿಂಗಳು ಮುಂಡರಗಿಯಲ್ಲಿ ಟನಲ್ ಕೀ, ಅಂದರೆ ಎರಡೂ ತುದಿಯಲ್ಲಿ ಒಂದೇ ಇರಬೇಕಾದ ಗುಪ್ತಪದ, ಹೊಂದಿಕೆಯಾಗದೆ ಲೈನ್ ಹೋಯಿತು. ಇನ್ನೊಂದು ಕಿಟಕಿಯಲ್ಲಿ, ರೌಟರ್ ಉತ್ತರ ಕೊಡುತ್ತಿದೆಯಾ ಅಂತ ನೋಡೋ ಪಿಂಗ್ ಹಾಕಿಕೊಂಡು ಕೂತೆ, ಯಾರಿಗೂ ಫೋನ್ ಮಾಡಲಿಲ್ಲ. ರೌಟರ್ ತಾನೇ ರೀಸ್ಟಾರ್ಟ್ ಆಗಿ ಎದ್ದು, ಹದಿನಾಲ್ಕನೇ ನಿಮಿಷಕ್ಕೆ ಉತ್ತರ ಬರಲು ಶುರುವಾಯಿತು. ಉಳಿದ ಊರುಗಳನ್ನು ಅದು ಮುಟ್ಟಿರಲೂ ಇಲ್ಲ.

ನಿಮ್ಮದು ನಾಲ್ಕೈದು ಶಾಖೆಯಷ್ಟೇ ಆದರೆ ಇದನ್ನೆಲ್ಲ ಕಲಿಯೋ ಹೊತ್ತಿಗೆ ಕೈಯಲ್ಲೇ ಮುಗಿಸಿಬಿಡಬಹುದು. ಹತ್ತು ದಾಟಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ, ಆದರೆ ಮೊದಲು ಆ ಟೈಮರ್ ಸಾಲು ಬರೆದುಕೊಳ್ಳಿ. ಬ್ಯಾಡಗಿಯ ಪೆಟ್ಟಿಗೆಗೆ ಎರಡನೇ ಕೀಲಿಯನ್ನೂ ಮಾಡಿಸಿದ್ದೇವೆ, ಅದು ಸಿಪಾಯಿಯವರ ಹತ್ತಿರವೇ ಇದೆ.