ಅಸಲಿ ಅಂಚೆಚೀಟಿ, ಹೊಸ ಅಂಟು: ಹಳೆಯ ಪ್ರಮಾಣಪತ್ರ ನೋಡಿ ಕೊಳ್ಳುವವರಿಗೆ ಎಚ್ಚರಿಕೆ

ಬಳಸದ ಹಳೆಯ ಅಂಚೆಚೀಟಿಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವ ಸಂಗ್ರಾಹಕರು ಇದನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕು. ನನಗೆ ಮಾರಿದ ಚೀಟಿ ನಕಲಿಯಲ್ಲ, ಅದರ ಜೊತೆ ಬಂದ ತಜ್ಞರ ಪ್ರಮಾಣಪತ್ರವೂ ನಕಲಿಯಲ್ಲ. ಮೋಸ ನಡೆದದ್ದು ಚೀಟಿಯ ಹಿಂಬದಿಯಲ್ಲಿ.

20ನೇ ಶತಮಾನದ ಮಧ್ಯಭಾಗದವರೆಗೆ ಹೆಚ್ಚಿನ ಸಂಗ್ರಾಹಕರು ಹಿಂಜ್ ಎಂಬ ಸಣ್ಣ ಅಂಟುಕಾಗದದಿಂದ ಚೀಟಿಗಳನ್ನು ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಹಾಗಾಗಿ ಮೂಲ ಅಂಟು ಕಲೆಯಿಲ್ಲದೆ ಉಳಿದ ಹಳೆಯ ಚೀಟಿಗಳು ಕಡಿಮೆ, ಮತ್ತು ಮುಂಬದಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಅವುಗಳ ಬೆಲೆ ಹಲವು ಪಟ್ಟು ಹೆಚ್ಚಿರಬಹುದು. ಹಳೆಯ ಅಂಟನ್ನು ತೊಳೆದು ಹೊಸದನ್ನು ಬಳಿಯುವ ಕೆಲಸಕ್ಕೆ, ಅಂದರೆ ರೀಗಮ್ ಮಾಡುವುದಕ್ಕೆ, ಲಾಭ ಹುಟ್ಟುವುದು ಈ ಅಂತರದಿಂದಲೇ.

ಮಾರಾಟಗಾರನ ವಿವರಣೆಯಲ್ಲಿ 'ಮೂಲ ಅಂಟು, ಹಿಂಜ್ ತಾಗಿಲ್ಲ' ಎಂದಿತ್ತು. ಪ್ರಮಾಣಪತ್ರದ ಕಪ್ಪು-ಬಿಳುಪು ಚಿತ್ರದಲ್ಲಿದ್ದ ಹಲ್ಲುಗಳೂ ಅಂಚುಗಳೂ ಚೀಟಿಗೆ ನಿಖರವಾಗಿ ಹೊಂದುತ್ತಿದ್ದವು. ಆದರೆ ಆ ಚಿತ್ರ ಮುಂಬದಿಯದು ಮಾತ್ರ. ಒಕ್ಕಣೆಯಲ್ಲಿ ಚೀಟಿ ಅಸಲಿ ಎಂದಷ್ಟೇ ಇದ್ದು, ಅಂಟಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಅನುಮಾನ ಬಂದು ಬೇರೊಂದು ತಜ್ಞ ಸಮಿತಿಗೆ ಕಳುಹಿಸಿದಾಗ, ಚೀಟಿ ಅಸಲಿ, ಅಂಟು ಮಾತ್ರ ನಂತರ ಬಳಿದದ್ದು ಎಂಬ ತೀರ್ಪು ಬಂತು. ಪರೀಕ್ಷೆ ಮುಗಿಯುವಷ್ಟರಲ್ಲಿ ಹಿಂತಿರುಗಿಸುವ ಅವಧಿ ಮುಗಿದಿತ್ತು. ಅಸಲಿ ಎಂಬ ಪ್ರಮಾಣಪತ್ರ ಕೊಟ್ಟಿದ್ದೇನಲ್ಲ ಎಂದು ಮಾರಾಟಗಾರ ಕೈತೊಳೆದುಕೊಂಡ. ಹಣ ಮರಳಲಿಲ್ಲ.

ಅನುಮಾನ ಹುಟ್ಟಿಸಿದ್ದು ಹಲ್ಲುಗಳ ತುದಿ. ಸಾಮಾನ್ಯವಾಗಿ ಹಾಳೆಗೆ ಅಂಟು ಬಳಿದು ಒಣಗಿಸಿದ ಮೇಲೆ ರಂಧ್ರಗಳನ್ನು ಹೊಡೆಯುತ್ತಾರೆ. ಆದ್ದರಿಂದ ಚೀಟಿಯನ್ನು ಹರಿದು ಬೇರ್ಪಡಿಸಿದಾಗ ಹಲ್ಲಿನ ತುದಿಯಲ್ಲಿ ಕಾಗದದ ನಾರು ಮೃದುವಾಗಿ, ಅಂಟಿಲ್ಲದೆ ಚಾಚಿಕೊಂಡಿರುತ್ತದೆ. ಬಿಡಿ ಚೀಟಿಗೆ ಆಮೇಲೆ ಅಂಟು ಬಳಿದರೆ ಅದು ಆ ನಾರಿನೊಳಗೆ ಇಳಿದು ಒಣಗಿ, ತುದಿಯನ್ನು ಗಡುಸಾಗಿಸುತ್ತದೆ. ಒಳ್ಳೆಯ ಭೂತಗನ್ನಡಿಯಲ್ಲಿ ಇದು ಕಾಣುತ್ತದೆ, ಬೆರಳ ತುದಿಗೂ ಒರಟಾಗಿ ತಾಗುತ್ತದೆ. ಕುಶಲ ಕೈಗಳು ಈ ಗುರುತನ್ನೂ ಮರೆಮಾಚಬಲ್ಲವು, ಹೀಗಾಗಿ ಕಣ್ಣಿನ ಪರೀಕ್ಷೆಯೊಂದನ್ನೇ ನಂಬಿ ದೊಡ್ಡ ಮೊತ್ತ ತೆರಬಾರದು.

ಅಸಲಿ ಕಾಗದವನ್ನೇ ಬಂಡವಾಳವಾಗಿಸಿಕೊಳ್ಳುವ ಮೋಸ ಹಳೆಯದು. ಫ್ರಾನ್ಸಿನಲ್ಲಿ ನೆಲೆಸಿದ್ದ ಸ್ಪೆರಾಟಿ ಎಂಬ ಪ್ರಸಿದ್ಧ ನಕಲುಗಾರ ಅಗ್ಗದ ಅಸಲಿ ಚೀಟಿಗಳ ಮುದ್ರಣವನ್ನು ರಾಸಾಯನಿಕದಿಂದ ಅಳಿಸಿ, ಅದೇ ಕಾಗದದ ಮೇಲೆ ಅಪರೂಪದ ಚೀಟಿಗಳನ್ನು ಮುದ್ರಿಸುತ್ತಿದ್ದ. 1942ರಲ್ಲಿ ಅವನು ರವಾನಿಸಿದ ಚೀಟಿಗಳನ್ನು ತಡೆದ ಫ್ರೆಂಚ್ ಸುಂಕದ ಅಧಿಕಾರಿಗಳು ಅವನ್ನು ಬೆಲೆಬಾಳುವ ಅಸಲಿಗಳೆಂದೇ ಭಾವಿಸಿದರು. ಆದರೆ ನಕಲಿ ಮುದ್ರಣದ ಬಗ್ಗೆ ಸಂಗ್ರಾಹಕರಿಗಿರುವ ಎಚ್ಚರ, ಅಸಲಿ ಚೀಟಿಯ ಸ್ಥಿತಿಯನ್ನು ತಿದ್ದುವವರ ಬಗ್ಗೆ ಇಲ್ಲವೆಂಬುದು ನನ್ನ ನೋವು.

ಪ್ರಮಾಣಪತ್ರ ಹೇಳುವುದು ಅದನ್ನು ಬರೆದ ದಿನ ಚೀಟಿ ಹೇಗಿತ್ತೆಂಬುದನ್ನು ಮಾತ್ರ. ಆದ್ದರಿಂದ ಮೊದಲು ಅದರ ದಿನಾಂಕ ನೋಡಿ, ಅಂಟಿನ ಸ್ಥಿತಿಯ ಉಲ್ಲೇಖವಿದೆಯೇ ಎಂದು ಓದಿ, ಹಿಂಬದಿಯ ಸ್ಪಷ್ಟ ಚಿತ್ರವನ್ನು ಕೇಳಿ ಪಡೆಯಿರಿ. ಹೊಸ ತಜ್ಞ ಪರೀಕ್ಷೆ ಮುಗಿಯುವವರೆಗೆ ಹಿಂತಿರುಗಿಸುವ ಅವಕಾಶ ಇರುತ್ತದೆಂಬ ಒಪ್ಪಿಗೆಯನ್ನು ಬೆಲೆ ಕೂಗುವ ಮೊದಲೇ ಲಿಖಿತವಾಗಿ ಪಡೆಯುವುದು ಎಲ್ಲಕ್ಕಿಂತ ಮುಖ್ಯ. ಅನೇಕ ಹರಾಜು ಸಂಸ್ಥೆಗಳು ಮುಂಚಿತವಾಗಿ ಕೇಳಿದರೆ ಇದಕ್ಕೆ ಒಪ್ಪುತ್ತವೆ. ಒಪ್ಪದವರಿಂದ ದುಬಾರಿ ಚೀಟಿ ಕೊಳ್ಳಬೇಡಿ.

ಈಗಾಗಲೇ ಇಂತಹ ಚೀಟಿ ಕೈಸೇರಿದ್ದರೆ ಅಂಟನ್ನು ತೊಳೆಯಬೇಡಿ, ಅದೇ ನಿಮ್ಮ ಸಾಕ್ಷ್ಯ. ಮಾರಾಟದ ವಿವರಣೆ ಅಳಿಸಿಹೋಗುವ ಮೊದಲು ಅದರ ಪ್ರತಿ ತೆಗೆದಿಟ್ಟು, ಸಂದೇಶಗಳನ್ನೂ ಪಾವತಿಯ ದಾಖಲೆಯನ್ನೂ ಅದರೊಡನೆ ಸೇರಿಸಿಡಿ. ಮುಂದೆಂದಾದರೂ ಆ ಚೀಟಿಯನ್ನು ಮಾರುವುದಾದರೆ ಹೊಸ ತೀರ್ಪಿನ ಪತ್ರವನ್ನು ಲಗತ್ತಿಸಿಯೇ ಮಾರಿ.