ಬಿಡಾರದ ಫ್ರಿಜ್ಜಿಗೆ ಯಾವ ಬ್ಯಾಟರಿ, ಯಾವ ಪ್ಯಾನೆಲ್: ಓಡಿಸಿ ನೋಡಿದವನ ಹೋಲಿಕೆ

ನಲವತ್ತು ಲೀಟರಿನ ಒಂದೇ ಫ್ರಿಜ್ಜನ್ನು ಮೂರು ಬೇರೆ ಬೇರೆ ಬ್ಯಾಟರಿಗಳ ಮೇಲೆ, ಪ್ರತಿ ಸಲವೂ ಮೂರು ಹಗಲು ಮೂರು ರಾತ್ರಿ, ಕರೆಂಟಿಲ್ಲದ ಬಿಡಾರದಲ್ಲಿಯೇ ಓಡಿಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಮೊದಲನೆಯದು 100 ಆಂಪಿಯರ್ ಅವರಿನ (ಅವರ್ ಎಂದರೆ ಗಂಟೆ; ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಎಜಿಎಂ ಬ್ಯಾಟರಿ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಳೆಗಳಿಗೆ ಹೀರಿಸಿ ಮುಚ್ಚಿರುವ, ನೀರು ತುಂಬಿಸುವ ಕೆಲಸವಿಲ್ಲದ ಲೆಡ್ ಆಸಿಡ್ ಬ್ಯಾಟರಿ. ಎರಡನೆಯದು ಅಷ್ಟೇ ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಮೂರನೆಯದು ಬ್ಯಾಟರಿ, ಇನ್ವರ್ಟರ್, ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬಿಸುವ ಸೋಲಾರ್ ಕಂಟ್ರೋಲರ್ ಮೂರನ್ನೂ ಒಂದೇ ಡಬ್ಬಿಯೊಳಗೆ ಸೇರಿಸಿ ಮೇಲೊಂದು ಹಿಡಿಕೆ ಇಟ್ಟಿರುವ, ಸುಮಾರು 1000 ವ್ಯಾಟ್ ಅವರಿನ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಶಕ್ತಿಯ ಲೆಕ್ಕ) ಪವರ್ ಸ್ಟೇಷನ್. ಮೂರಕ್ಕೂ ಬಿಸಿಲು ಉಣಿಸಿದ್ದು ಅವೇ ಎರಡು 100 ವ್ಯಾಟಿನ ಪ್ಯಾನೆಲ್‌ಗಳು. ಫ್ರಿಜ್ಜಿನೊಳಗೆ ಪ್ರತಿ ಸಲವೂ ಹತ್ತು ಲೀಟರ್ ನೀರಿನ ಬಾಟಲಿಗಳು, ಥರ್ಮೋಸ್ಟ್ಯಾಟ್ 4 ಡಿಗ್ರಿಗೆ, ವೈರಿನ ನಡುವೆ ಒಂದು ವ್ಯಾಟ್ ಮೀಟರ್. ಹವೆಯೊಂದನ್ನು ನನ್ನ ಅಳತೆಗೆ ಒಗ್ಗಿಸುವುದು ಸಾಧ್ಯವಿರಲಿಲ್ಲ. ಆದರೂ ಮೂರು ಸಲವೂ ಮಧ್ಯಾಹ್ನ 33ರಿಂದ 35 ಡಿಗ್ರಿ, ರಾತ್ರಿ 24ರ ಆಸುಪಾಸು ಇತ್ತು.

ಬ್ಯಾಟರಿಯ ವಿಷಯಕ್ಕೆ ಬರುವ ಮೊದಲು, ಕಂಪ್ರೆಸರ್ ಇಲ್ಲದ ಅಗ್ಗದ ಥರ್ಮೋಎಲೆಕ್ಟ್ರಿಕ್ ಕೂಲರನ್ನು ಏಕೆ ಹೋಲಿಕೆಯಿಂದ ಕೈಬಿಟ್ಟೆನೆಂದು ಹೇಳಬೇಕು. ಝಾನ್ ಪೆಲ್ಟಿಯರ್ 1834ರಲ್ಲಿ ಗುರುತಿಸಿದ ಪರಿಣಾಮದ ಮೇಲೆ ನಡೆಯುವ ಈ ಪೆಟ್ಟಿಗೆಯಲ್ಲಿ ಫ್ಯಾನಿನ ಹೊರತು ತಿರುಗುವ ಭಾಗವೇ ಇಲ್ಲ, ಹಾಗಾಗಿ ಹಗುರ ಮತ್ತು ಬಾಳಿಕೆಯದು. ಆದರೆ ನನ್ನಲ್ಲಿದ್ದ ಕೂಲರು ಬಿಡುವಿಲ್ಲದೆ 50 ವ್ಯಾಟ್ ಎಳೆಯುತ್ತಿತ್ತು, ಅಂದರೆ ದಿನಕ್ಕೆ 1200 ವ್ಯಾಟ್ ಅವರ್. ಅಷ್ಟು ಉಂಡೂ ಹೊರಗಿನ ಶಾಖಕ್ಕಿಂತ ಹದಿನೆಂಟು ಡಿಗ್ರಿಯಷ್ಟು ಮಾತ್ರ ಕೆಳಗಿಳಿಯುತ್ತಿತ್ತು. ಹೊರಗೆ 34 ಇದ್ದಾಗ ಒಳಗೆ 16 ಡಿಗ್ರಿ ಇದ್ದರೆ ನೀರು ಕುಡಿಯಲು ಹಿತವಾಗಿರುತ್ತದೆ, ಹಾಲು ಮಾತ್ರ ಉಳಿಯುವುದಿಲ್ಲ. ಬೇಗ ಕೆಡುವ ಆಹಾರವನ್ನು 5 ಡಿಗ್ರಿಗಿಂತ ಕೆಳಗಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದೇ ರಾತ್ರಿಯ ಬಿಡಾರಕ್ಕೆ ಹೊರಟವರು ಇದಾವುದನ್ನೂ ಕೊಳ್ಳದೆ, ದಪ್ಪ ಗೋಡೆಯ ಐಸ್ ಪೆಟ್ಟಿಗೆಯೊಂದನ್ನು ಒಯ್ಯುವುದೇ ಜಾಣತನವೆಂದು ಈಗಲೂ ನನ್ನ ಅಭಿಪ್ರಾಯ.

ಕಂಪ್ರೆಸರ್ ಫ್ರಿಜ್ಜಿನ ಹಸಿವು ಬೇರೆ ಬಗೆಯದು. ಓಡುವಾಗ 45 ವ್ಯಾಟ್ ಎಳೆದು, ಒಳಗೆ ತಣ್ಣಗಾದ ಕೂಡಲೇ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡುತ್ತದೆ. ನನ್ನ ಮೀಟರಿನ ಪ್ರಕಾರ ಇಪ್ಪತ್ತನಾಲ್ಕು ಗಂಟೆಯಲ್ಲಿ ಇದು ಒಟ್ಟು ಒಂಬತ್ತು ಗಂಟೆಯಷ್ಟು ಓಡಿ, ಸರಾಸರಿ 400 ವ್ಯಾಟ್ ಅವರ್ ಖರ್ಚು ಮಾಡಿತು. 12 ವೋಲ್ಟಿನ ಲೆಕ್ಕದಲ್ಲಿ ಇದು 33 ಆಂಪಿಯರ್ ಅವರ್. ಬ್ಯಾಟರಿಯ ಮೈಮೇಲೆ ಬರೆದ 100ನ್ನು ಇದರಿಂದ ಭಾಗಿಸಿ ಮೂರು ದಿನ ಬರುತ್ತದೆಂದು ಅಂದುಕೊಳ್ಳುವವರು ಬಹಳ, ನಾನೂ ಹಾಗೆಯೇ ಅಂದುಕೊಂಡು ಹೊರಟವನು. ಆದರೆ ಪ್ಯಾನೆಲ್ ಜೊತೆಗಿರುವಾಗ ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕಿಂತ, ಬಿಸಿಲು ಸಿಗುವ ಕೆಲವೇ ಗಂಟೆಗಳಲ್ಲಿ ಅದು ಎಷ್ಟನ್ನು ವಾಪಸು ತೆಗೆದುಕೊಳ್ಳುತ್ತದೆ ಎನ್ನುವುದೇ ಹೆಚ್ಚಿನ ಮಾತು. ನನ್ನ ಮೂರು ಬ್ಯಾಟರಿಗಳು ಬೇರೆ ಬೇರೆ ದಾರಿ ಹಿಡಿದದ್ದು ಇಲ್ಲಿಯೇ.

ಎಜಿಎಂ ಬ್ಯಾಟರಿ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯಸ್ಸು ಬೇಗ ಮುಗಿಯುವುದರಿಂದ, 12 ವೋಲ್ಟಿನ ಲೆಕ್ಕದಲ್ಲಿ ಅದು ಹಿಡಿಯುವ 1200 ವ್ಯಾಟ್ ಅವರಿನಲ್ಲಿ 600 ಮಾತ್ರ ನಮ್ಮದೆಂದು ತಿಳಿಯಬೇಕು. ಬಿಡಾರದ ಜಾಗದಲ್ಲಿ ಮರಗಳ ನಡುವೆ ನೇರ ಬಿಸಿಲು ಬೀಳುತ್ತಿದ್ದುದು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ. ಮೊದಲ ಒಂದೂವರೆ ಗಂಟೆ ಬ್ಯಾಟರಿ ಪ್ಯಾನೆಲ್ ಕೊಟ್ಟದ್ದನ್ನೆಲ್ಲ ನುಂಗಿತು. ಅಲ್ಲಿಂದ ಮುಂದೆ ವೋಲ್ಟೇಜು 14.4ಕ್ಕೆ ಏರಿ ನಿಂತಿತು, ಕಂಟ್ರೋಲರಿನ ಪರದೆಯ ಮೇಲಿನ ಆಂಪಿಯರ್ ಅಂಕಿ ಎಂಟು, ಆರು, ನಾಲ್ಕು ಎಂದು ಇಳಿಯತೊಡಗಿತು. ಲೆಡ್ ಆಸಿಡ್ಡಿನ ಸ್ವಭಾವವೇ ಹಾಗೆ: ಕೊನೆಯ ಐದನೇ ಒಂದು ಭಾಗವನ್ನು ತುಂಬಿಸಲು ಗಂಟೆಗಟ್ಟಲೆ ಬೇಕು, ಅದನ್ನು ಅವಸರಪಡಿಸಲಾಗದು. ತಲೆಯ ಮೇಲೆ ಸುಡುಬಿಸಿಲಿದ್ದೂ ಪ್ಯಾನೆಲ್ಲಿನ ಅರ್ಧ ಶಕ್ತಿ ಯಾರಿಗೂ ಬೇಡವಾಗಿ ಹೋಗುವುದನ್ನು ನೋಡುತ್ತ ಕೂರುವುದು ಸಂಕಟದ ಕೆಲಸ. ಜೊತೆಗೆ ಒಳಗೆ ಹೋದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ವಾಪಸು ಬರುವುದೇ ಇಲ್ಲ. ಹೀಗೆ ದಿನದಿನಕ್ಕೆ ಸಣ್ಣ ಸಾಲ ಉಳಿದು, ಬೆಳಗಿನ ವೋಲ್ಟೇಜು ಮೊದಲ ದಿನ 12.4, ಎರಡನೆಯ ದಿನ 12.3, ಅರ್ಧ ಮೋಡ ಕವಿದಿದ್ದ ಮೂರನೆಯ ದಿನ ಕಳೆದ ಮೇಲೆ 12.0 ತೋರಿಸಿತು. ಅರ್ಧ ಖಾಲಿಯಾಗಿಯೇ ಮನೆಗೆ ತಂದು ವಾರಗಟ್ಟಲೆ ಹಾಗೆಯೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಬ್ಯಾಟರಿ ಮತ್ತೆ ಮೊದಲಿನಂತಾಗುವುದಿಲ್ಲ.

ಆ ಮೂರನೆಯ ರಾತ್ರಿ ಇನ್ನೊಂದು ಪಾಠವೂ ಆಯಿತು. ಎರಡು ಗಂಟೆಯ ಹೊತ್ತಿಗೆ ಫ್ರಿಜ್ಜಿನ ಕೆಂಪು ದೀಪ ಮಿಣುಕುತ್ತಿತ್ತು. ಕಂಪ್ರೆಸರ್ ಒಮ್ಮೆ ಗೊರ್ರೆಂದು ಏಳಲು ನೋಡಿ ಮತ್ತೆ ಸುಮ್ಮನಾಗುತ್ತಿತ್ತು. ಟಾರ್ಚ್ ಹಿಡಿದು ಬ್ಯಾಟರಿಯ ಟರ್ಮಿನಲ್ಲಿಗೆ ಮಲ್ಟಿಮೀಟರ್ ಇಟ್ಟರೆ 12.1 ವೋಲ್ಟ್, ಅದೇ ಮೀಟರನ್ನು ಫ್ರಿಜ್ಜಿನ ತುದಿಗೆ ಒಯ್ದರೆ ಕಂಪ್ರೆಸರ್ ಏಳುವ ಗಳಿಗೆಯಲ್ಲಿ 11.3. ದೋಷ ಬ್ಯಾಟರಿಯದಾಗಿರಲಿಲ್ಲ, ನಾನು ಉದ್ದ ಮಾಡಿಕೊಂಡಿದ್ದ ಐದು ಮೀಟರಿನ ಸಪೂರ ವೈರಿನದಾಗಿತ್ತು. 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಹೋಗಿ ಬರುವ ಹತ್ತು ಮೀಟರಿಗೆ ಸುಮಾರು 0.12 ಓಮ್ ತಡೆ ಇರುತ್ತದೆ. 5 ಆಂಪಿಯರ್ ಹರಿದರೆ 0.6 ವೋಲ್ಟ್ ದಾರಿಯಲ್ಲಿಯೇ ಸೋರಿಹೋಗುತ್ತದೆ, ಕಂಪ್ರೆಸರ್ ಏಳುವಾಗ ಇನ್ನೂ ಹೆಚ್ಚು. ಬ್ಯಾಟರಿ ಪೂರ್ತಿ ಖಾಲಿಯಾಗದಂತೆ ಕಾಯುವ ಕಟ್ಆಫ್ ಸ್ವಿಚ್ಚನ್ನು ನಾನು ‘ಹೈ’ನಲ್ಲಿ ಬಿಟ್ಟಿದ್ದೆ, ಕಾರಿನ ಸ್ವಂತ ಬ್ಯಾಟರಿಯ ಮೇಲೆ ಫ್ರಿಜ್ ಓಡಿಸುವವರು, ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲೆಂದು ಇಡಬೇಕಾದ ಜಾಗ ಅದು. ಪ್ರತ್ಯೇಕ ಬ್ಯಾಟರಿಗೆ ‘ಮೀಡಿಯಂ’ ಸಾಕು. ಊರಿಗೆ ಬಂದ ಮೇಲೆ 6 ಸ್ಕ್ವೇರ್ ಎಂಎಂ ವೈರ್ ಹಾಕಿ, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಕೂರಿಸಿ, ಕೈಗೆ ಬಿಸಿ ತಾಕುತ್ತಿದ್ದ ಸಿಗರೇಟ್ ಲೈಟರ್ ಪಿನ್ನನ್ನು ಕಿತ್ತು ಗಟ್ಟಿಯಾಗಿ ಕಚ್ಚುವ ಪ್ಲಗ್ ಹಾಕಿಸಿದೆ. ಉಳಿದ ಎರಡು ಪರೀಕ್ಷೆಗಳು ನಡೆದದ್ದು ಈ ಹೊಸ ವೈರಿನ ಮೇಲೆ. ಎಜಿಎಂಗೆ ಈ ವಿಷಯದಲ್ಲಿ ಅನ್ಯಾಯವಾಯಿತೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ, ಆದರೆ ಅದರ ಮಂದ ಚಾರ್ಜಿಂಗಿಗೂ ವೈರಿಗೂ ಸಂಬಂಧವಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಒಂದೇ ಕೈಯಲ್ಲಿ ಎತ್ತಿ ಇಳಿಸಬಹುದು. ತೂಕ 12 ಕಿಲೋ. ನಾಲ್ಕು ಸೆಲ್ಲುಗಳ ಸಾಲಾದ್ದರಿಂದ ವೋಲ್ಟೇಜು 12.8, ಸಾಮರ್ಥ್ಯ 1280 ವ್ಯಾಟ್ ಅವರ್, ಅದರಲ್ಲಿ ನೂರಕ್ಕೆ ತೊಂಬತ್ತನ್ನು ಅಳುಕದೆ ಬಳಸಬಹುದು. ಅದೇ ಹನ್ನೊಂದರಿಂದ ಮೂರರ ಬಿಸಿಲಿನಲ್ಲಿ ಇದು ಬಂದದ್ದನ್ನು ಕೊನೆಯವರೆಗೂ ಒಂದೇ ವೇಗದಲ್ಲಿ ತೆಗೆದುಕೊಂಡು, ಮೊದಲ ಎರಡು ದಿನ ಎರಡು ಗಂಟೆಯ ಹೊತ್ತಿಗೆಲ್ಲ ತುಂಬಿ ಕುಳಿತಿತ್ತು. ಮೂರನೆಯ ದಿನ ಮೋಡವಿದ್ದೂ ರಾತ್ರಿಗೆ ಚಿಂತೆಯಾಗಲಿಲ್ಲ. ಫ್ರಿಜ್ಜಿಗೆ ಸಿಗುವ ವೋಲ್ಟೇಜು ಬಹುತೇಕ ಕೊನೆಯವರೆಗೂ 13ರ ಹತ್ತಿರವೇ ಇರುವುದರಿಂದ ಕಂಪ್ರೆಸರ್ ತಡವರಿಸಲೇ ಇಲ್ಲ. ಈ ಗುಣದಲ್ಲೊಂದು ತೊಡಕೂ ಇದೆ: ವೋಲ್ಟೇಜು ನೋಡಿ ಎಷ್ಟು ಉಳಿದಿದೆ ಎಂದು ಊಹಿಸಲು ಬರುವುದಿಲ್ಲ. 13.1 ಎಂದರೆ ನೂರಕ್ಕೆ ಎಂಬತ್ತೂ ಇರಬಹುದು, ಐವತ್ತೂ ಇರಬಹುದು. ಆಮೇಲೆ, ಕೊನೆಗೆ ಬಂದಾಗ ಮುನ್ಸೂಚನೆ ಕೊಡದೆ ಒಳಗಿನ ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಫಲಕ, ಸಂಪರ್ಕವನ್ನೇ ಕಡಿದುಬಿಡುತ್ತದೆ. ಆದ್ದರಿಂದ ಒಳಬಂದ ಹೊರಹೋದ ಆಂಪಿಯರ್‌ಗಳನ್ನು ಎಣಿಸುವ ಶಂಟ್ ಮೀಟರ್ ಇದಕ್ಕೆ ಬೇಕೇ ಬೇಕು.

ಪವರ್ ಸ್ಟೇಷನ್ನಿನ ಒಳಗೆ ಇರುವುದೂ ಅದೇ ಬಗೆಯ ಸೆಲ್ಲುಗಳು, ಹಾಗಾಗಿ ಚಾರ್ಜು ಹೀರುವುದರಲ್ಲಿ ಕೊರತೆಯಿಲ್ಲ. ಪ್ಯಾನೆಲ್ ಸಿಕ್ಕಿಸಿ, ಫ್ರಿಜ್ ಸಿಕ್ಕಿಸಿ, ಕುರ್ಚಿ ಹಾಕಿ ಕೂರಬಹುದು. ವೈರು, ಫ್ಯೂಸು, ಸ್ಪ್ಯಾನರುಗಳ ಸಹವಾಸ ಬೇಡದವರಿಗೆ ಇದಕ್ಕಿಂತ ಸಲೀಸಾದದ್ದು ಇನ್ನೊಂದಿಲ್ಲ. ಆದರೂ ಮೊದಲ ರಾತ್ರಿಯೇ ಇದು ನನಗೆ ಕೈಕೊಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಒಳಗೆ 14 ಡಿಗ್ರಿ, ಸ್ಟೇಷನ್ನಿನ ಪರದೆಯಲ್ಲಿ ಮಾತ್ರ ಇನ್ನೂ ನೂರಕ್ಕೆ 84 ಬಾಕಿ. ಕಂಪ್ರೆಸರ್ ತಣ್ಣಗಾಗಿ ನಿಂತಾಗ ಎಳೆತ ಒಂದೆರಡು ವ್ಯಾಟಿಗೆ ಇಳಿಯುತ್ತದೆ. ಏನೂ ಸಿಕ್ಕಿಸಿಲ್ಲವೆಂದು ತಿಳಿದು ಪವರ್ ಸ್ಟೇಷನ್ ತನ್ನ 12 ವೋಲ್ಟಿನ ಸಾಕೆಟ್ಟನ್ನು ತಾನೇ ಆರಿಸಿಬಿಟ್ಟಿತ್ತು. ಉಳಿತಾಯಕ್ಕೆಂದು ಇಟ್ಟಿರುವ ಈ ಆಯ್ಕೆಯನ್ನು ಮೆನುವಿನ ಮೂರನೆಯ ಪುಟದಲ್ಲಿ ಹುಡುಕಿ ತೆಗೆದ ಮೇಲೆ ಎರಡು ರಾತ್ರಿಯೂ ಸರಿಯಾಗಿ ಓಡಿತು. ಇನ್ನೊಂದು ಎಚ್ಚರಿಕೆಯೆಂದರೆ, ಮನೆಯಲ್ಲಿ ಬಳಸುವ ಅಡಾಪ್ಟರನ್ನು ಸ್ಟೇಷನ್ನಿನ ಎಸಿ ಸಾಕೆಟ್ಟಿಗೆ ಹಾಕಿ ಫ್ರಿಜ್ ಓಡಿಸಬಾರದು. ಒಂದು ಮಧ್ಯಾಹ್ನ ಹಾಗೆ ಮಾಡಿ ನೋಡಿದೆ: ಇನ್ವರ್ಟರ್ ಸುಮ್ಮನೆ ಹೊತ್ತಿಕೊಂಡಿರುವುದಕ್ಕೇ 12 ವ್ಯಾಟ್ ತಿನ್ನುತ್ತಿತ್ತು. ದಿನವಿಡೀ ಬಿಟ್ಟರೆ 288 ವ್ಯಾಟ್ ಅವರ್, ಅಂದರೆ ಫ್ರಿಜ್ಜಿನ ಊಟದ ಮುಕ್ಕಾಲು ಪಾಲಿನಷ್ಟು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ವ್ಯರ್ಥ.

ಪ್ಯಾನೆಲ್‌ಗಳಲ್ಲಿ ಒಂದು ಗಾಜಿನ ಗಟ್ಟಿ ಪ್ಯಾನೆಲ್, ಕಾರಿನ ಮೇಲೆ ಮಲಗಿಸಿದ್ದು. ಇನ್ನೊಂದು ಸೂಟ್‌ಕೇಸಿನಂತೆ ಮಡಚುವಂಥದ್ದು. ಎರಡರ ಮೇಲೂ 100 ವ್ಯಾಟ್ ಎಂದು ಬರೆದಿದೆ. ಆ ಅಂಕಿ ಬರುವುದು ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ಶಾಖ 25 ಡಿಗ್ರಿ ಎಂಬ ಪ್ರಯೋಗಶಾಲೆಯ ಸ್ಥಿತಿಯಲ್ಲಿ. ಸುಡುಬಿಸಿಲಿನಲ್ಲಿ ಸೆಲ್ಲು 60 ಡಿಗ್ರಿ ಮುಟ್ಟುತ್ತದೆ, ಪ್ರತಿ ಡಿಗ್ರಿಗೂ ಸಿಲಿಕಾನ್ ಸೆಲ್ಲು ನೂರಕ್ಕೆ 0.4ರಷ್ಟು ಕಳೆದುಕೊಳ್ಳುತ್ತದೆ. ನಾನು 78 ವ್ಯಾಟಿಗಿಂತ ಹೆಚ್ಚನ್ನು ಯಾವುದರಲ್ಲಿಯೂ ಕಾಣಲಿಲ್ಲ. ಮಡಚುವ ಪ್ಯಾನೆಲ್ಲನ್ನು ದಿನಕ್ಕೆ ಮೂರು ಸಲ ಸೂರ್ಯನ ಕಡೆ ತಿರುಗಿಸಿದಾಗ ಅದು ಮಲಗಿದ ಪ್ಯಾನೆಲ್ಲಿಗಿಂತ ನಾಲ್ಕನೇ ಒಂದರಷ್ಟು ಹೆಚ್ಚು ಕೊಟ್ಟಿತು. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಪ್ಯಾನೆಲ್ಲನ್ನು ಬಿಸಿಲಿಗೆ ನಿಲ್ಲಿಸಿ ಕಾರನ್ನೂ ಫ್ರಿಜ್ಜನ್ನೂ ನೆರಳಿನಲ್ಲಿ ಇಡಬಹುದು. ಒಂದು ಕೊಂಬೆಯ ನೆರಳು ಮೂಲೆಯಲ್ಲಿ ಬಿದ್ದರೂ ಇಡೀ ಸಾಲಿನ ಸೆಲ್ಲುಗಳು ಮಂಕಾಗುವುದರಿಂದ ತಿರುಗಿಸಿಕೊಳ್ಳುವ ಸ್ವಾತಂತ್ರ್ಯಕ್ಕೆ ಬೆಲೆಯಿದೆ.

ಕಂಟ್ರೋಲರುಗಳಲ್ಲಿ ಪಿಡಬ್ಲ್ಯೂಎಂ, ಎಂಪಿಪಿಟಿ ಎಂದು ಎರಡು ಬಗೆ. ಎಂಪಿಪಿಟಿ ಹಾಕಿದರೆ ಪಿಡಬ್ಲ್ಯೂಎಂಗಿಂತ ಮೂವತ್ತು ಪ್ರತಿಶತ ಹೆಚ್ಚು ಸಿಗುತ್ತದೆ ಎಂಬ ಮಾತು ನನ್ನ ಪ್ಯಾನೆಲ್‌ಗಳ ಮಟ್ಟಿಗೆ ನಿಜವಾಗಲಿಲ್ಲ. ಪಿಡಬ್ಲ್ಯೂಎಂ ಪ್ಯಾನೆಲ್ಲಿನ 18 ವೋಲ್ಟನ್ನು ಬ್ಯಾಟರಿಯ 13ಕ್ಕೆ ಎಳೆದು ತಂದು ವ್ಯತ್ಯಾಸವನ್ನು ಬಿಟ್ಟುಬಿಡುತ್ತದೆ, ಎಂಪಿಪಿಟಿ ಅದನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ. ಆದರೆ ಕಾದ ಪ್ಯಾನೆಲ್ಲಿನ ವೋಲ್ಟೇಜು ತಾನಾಗಿಯೇ 16ರ ಕೆಳಗೆ ಇಳಿದಿರುತ್ತದಾದ್ದರಿಂದ ಬದಲಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ನನಗೆ ಸಿಕ್ಕಿದ್ದು ನೂರಕ್ಕೆ ಹನ್ನೆರಡರಷ್ಟು ಹೆಚ್ಚು. ಬ್ಯಾಟರಿಯೇ ಇಲ್ಲದೆ ಪ್ಯಾನೆಲ್ಲಿನಿಂದ ನೇರವಾಗಿ ಫ್ರಿಜ್ ಓಡಿಸಬಹುದೇ ಎಂದೂ ನೋಡಿದೆ; ಮೋಡವೊಂದು ಹಾದುಹೋದಾಗಲೆಲ್ಲ ಕಂಪ್ರೆಸರ್ ನಿಲ್ಲುತ್ತಿತ್ತು.

ಬ್ಯಾಟರಿಗಿಂತ ಅಗ್ಗದಲ್ಲಿ ಸಿಕ್ಕ ಉಳಿತಾಯ ಬೇರೆಯೇ. 30 ಡಿಗ್ರಿಯ ಹತ್ತು ಲೀಟರ್ ನೀರನ್ನು 5ಕ್ಕೆ ಇಳಿಸಲು 290 ವ್ಯಾಟ್ ಅವರಿನಷ್ಟು ಶಾಖವನ್ನು ಹೊರಹಾಕಬೇಕು. ಆ ಕೆಲಸವನ್ನು ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲಿ ಮುಗಿಸಿಕೊಂಡು ಹೊರಟರೆ ಬ್ಯಾಟರಿಯ ಮೊದಲ ದಿನ ಹಗುರವಾಗುತ್ತದೆ. ಕಿಟಕಿ ಮುಚ್ಚಿದ ಕಾರಿನೊಳಗೆ ಬಿಟ್ಟ ಒಂದು ದಿನ ಖರ್ಚು 400ರಿಂದ 560ಕ್ಕೆ ಏರಿತು. ಮೈಮೇಲೆ ದಪ್ಪ ಹೊದಿಕೆ ಹಾಕುವುದು ಒಳ್ಳೆಯದೇ, ಆದರೆ ಬಿಸಿಗಾಳಿ ಹೊರಬರುವ ಜಾಲರಿ ಮುಚ್ಚಬಾರದು. ಬಿಸಿಲಿರುವಾಗ ಥರ್ಮೋಸ್ಟ್ಯಾಟನ್ನು 1 ಡಿಗ್ರಿಗೆ ಇಳಿಸಿ, ಸಂಜೆ 4ಕ್ಕೆ ಏರಿಸಿ, ತಂಪನ್ನೇ ಕೂಡಿಟ್ಟುಕೊಳ್ಳುವ ಉಪಾಯವನ್ನೂ ಮಾಡಿದೆ. ಲೆಕ್ಕ ಹಾಕಿದರೆ ಹತ್ತು ಲೀಟರ್ ನೀರಿನಲ್ಲಿ ಮೂರು ಡಿಗ್ರಿಯ ಬೆಲೆ 35 ವ್ಯಾಟ್ ಅವರ್ ಶಾಖ ಮಾತ್ರ. ಆದರೂ ಎಜಿಎಂನಂತೆ ಮಧ್ಯಾಹ್ನದ ಬಿಸಿಲನ್ನು ಬೇಡವೆನ್ನುವ ಬ್ಯಾಟರಿ ಇರುವಾಗ, ಹೇಗೂ ಪೋಲಾಗುವ ಶಕ್ತಿಯಲ್ಲಿ ಅಷ್ಟಾದರೂ ಉಳಿಯಿತು.

ಈಗ ನಾನು ಒಯ್ಯುವುದು ಲಿಥಿಯಂ ಬ್ಯಾಟರಿ, ಮಡಚುವ ಪ್ಯಾನೆಲ್ ಎರಡು, ಮತ್ತು ಈಗಾಗಲೇ ಕೊಂಡಿರುವುದರಿಂದ ಎಂಪಿಪಿಟಿ. ವೈರು ಜೋಡಿಸಲು ಹಿಂಜರಿಯುವ ಗೆಳೆಯರಿಗೆ ಪವರ್ ಸ್ಟೇಷನ್ ಕೊಡುತ್ತೇನೆ, ಕೊಡುವ ಮೊದಲು ಮೆನುವಿನ ಆ ಪುಟವನ್ನು ತೋರಿಸುತ್ತೇನೆ. ಎಜಿಎಂಗೆ ಒಂದು ಕಡೆ ಮಾತ್ರ ಮೇಲುಗೈ ಉಳಿದಿದೆ: ಲಿಥಿಯಂ ಸೆಲ್ಲುಗಳನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹ ಲೇಪವಾಗಿ ಶಾಶ್ವತ ಹಾನಿಯಾಗುತ್ತದೆ, ಒಳ್ಳೆಯ ಬಿಎಂಎಸ್ ಅಂಥ ಚಳಿಯಲ್ಲಿ ಚಾರ್ಜನ್ನೇ ತಡೆಯುತ್ತದೆ, ಎಜಿಎಂಗೆ ಆ ಅಡ್ಡಿಯಿಲ್ಲ. ಆದರೆ ಅಷ್ಟು ಚಳಿಯಿರುವ ಬಿಡಾರದಲ್ಲಿ ಹಾಲಿನ ಬಾಟಲಿಯನ್ನು ರಾತ್ರಿ ಹೊರಗಿಟ್ಟರೂ ನಡೆಯುತ್ತದೆ.